ಎಲ್ಲಿಯವರು ಎಂದು ಕೇಳುವ ಕಸುಬು

ಮನೆ ಮನೆಗೆ ಹೋಗಿ "ನಿಮ್ಮ ಹಿರಿಯರು ಎಲ್ಲಿಂದ ಬಂದರು?" ಎಂದು ಕೇಳುವುದನ್ನೇ ಕೆಲಸ ಮಾಡಿಕೊಂಡವರು ವಾರಕ್ಕೊಮ್ಮೆಯಾದರೂ ನಗೆಪಾಟಲಾಗುತ್ತಾರೆ. ನಲವತ್ತರ ದಶಕದಲ್ಲಿ, ಕೋಲಾರದ ಸೊಸೆಯಾಗಿದ್ದ ನಾನು ಸಮಾಜಶಾಸ್ತ್ರದ ಎಂ.ಎ. ಪ್ರಬಂಧಕ್ಕೆಂದು ನಾಲ್ಕು ತಾಲ್ಲೂಕು ಸುತ್ತಿದೆ. ಯಾವ ಬೀದಿಯಲ್ಲಿ ಯಾರಿದ್ದಾರೆ, ಯಾರು ಯಾರೊಡನೆ ಸೇರುವುದಿಲ್ಲ, ಎಲ್ಲ ಬರೆದಿಟ್ಟಿದ್ದೇನೆ. ಹನ್ನೊಂದು ನೋಟ್‌ಬುಕ್ಕುಗಳು ಇವತ್ತಿಗೂ ಬೀರುವಿನಲ್ಲಿವೆ. ಮೊಮ್ಮಕ್ಕಳು ಮುಟ್ಟುವ ಹಾಗಿಲ್ಲ.

೧. ಹೊಸಬರು

ಮಾಲೂರಿನ ಹತ್ತಿರ ಶಿವಾರಪಟ್ಟಣದಲ್ಲಿ ವಿಗ್ರಹದ ಮೂಗು ತಿದ್ದುತ್ತಿದ್ದ ಶಿಲ್ಪಿಯೊಬ್ಬರನ್ನು ಕೇಳಿದೆ. ತಾವು ಮೊದಲಿನಿಂದ ಇಲ್ಲಿಯವರೇ, ಎದುರುಮನೆಯವರು ಮಾತ್ರ ಹೊರಗಿನಿಂದ ಬಂದವರು ಎಂದರು. ಯಾವಾಗ ಬಂದರು ಎಂದೆ. ಉಳಿ ಕೆಳಗಿಟ್ಟು ಯೋಚಿಸಿದರು.

"ನಮ್ಮ ಮುತ್ತಾತನ ಕಾಲದಲ್ಲಿ ತಾಯಿ. ಇನ್ನೂ ಹೊಂದ್ಕೊಂಡಿಲ್ಲ, ಪಾಪ."

೨. ಚಾ

ಮುಳಬಾಗಿಲಿನಲ್ಲಿ ಬಳೆ ವ್ಯಾಪಾರಿಯೊಬ್ಬರ ತಾಯಿ, ದಖನಿ ಉರ್ದು ಮಾತಾಡುವ ಅಜ್ಜಿ, ನನ್ನ ಪ್ರಶ್ನೆಗೆ ಮೊದಲು ತಾವೇ ಪ್ರಶ್ನೆ ಹಾಕಿದರು. ತವರಿನಲ್ಲಿ ಯಾವ ಮಾತು? ತೆಲುಗು ಎಂದೆ. ಗಂಡನ ಹತ್ತಿರ? ಕನ್ನಡ. ಮತ್ತೆ ಈ ಪುಸ್ತಕದಲ್ಲಿ? ಇಂಗ್ಲಿಷು. ಅಜ್ಜಿ ಒಳಗಿದ್ದ ಸೊಸೆಯನ್ನು ಕೂಗಿದರು.

"ಈ ಅಮ್ಮನಿಗೆ ಚಾ ಕೊಡೇ. ತಾನು ಎಲ್ಲಿಯವಳು ಅಂತ ತನಗೇ ಗೊತ್ತಿಲ್ಲ, ಅದಕ್ಕೇ ಮನೆ ಮನೆ ಕೇಳ್ಕೊಂಡು ಬಂದವ್ಳೆ."

೩. ಪರಿಶೀಲನೆ

ಶ್ರೀನಿವಾಸಪುರದ ಒಂದು ಬೀದಿಯವರು ಹೊರಗಿನವರಿಗೆ ಹೆಣ್ಣು ಕೊಡುವುದಿಲ್ಲ ಎಂದು ಬರೆದಿದ್ದೆ. ನಮ್ಮ ಪ್ರೊಫೆಸರು ಒಪ್ಪಲಿಲ್ಲ. ಇದು ಬರೀ ಬಾಯಿಮಾತು, ತಾವೇ ಬಂದು ನೋಡದೆ ಸಹಿ ಹಾಕುವುದಿಲ್ಲ ಎಂದರು. ಸಹಿ ಇಲ್ಲದಿದ್ದರೆ ಪದವಿಯೂ ಇಲ್ಲ, ಎರಡು ವರ್ಷದ ತಿರುಗಾಟ ನೀರುಪಾಲು.

ಪ್ರೊಫೆಸರು ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ. ಬಸ್ಸಿಳಿದ ಅವರನ್ನು ಆ ಬೀದಿಯ ಶಾನುಭೋಗರ ಮನೆಗೆ ಕರೆದುಕೊಂಡು ಹೋದೆ. ಹಿಂದಿನ ತಿಂಗಳು ನಾನು ಅಲ್ಲಿ ಗೋತ್ರ, ಮೂಲದ ಊರು, ಮನೆಯಲ್ಲಿರುವ ಹೆಣ್ಣುಮಕ್ಕಳ ವಯಸ್ಸು ಎಲ್ಲ ಕೇಳಿ ಬರೆದುಕೊಂಡಿದ್ದೆ. ಪ್ರೊಫೆಸರನ್ನು ಕರೆತರುತ್ತೇನೆಂದು ಕಾಗದವನ್ನೂ ಹಾಕಿದ್ದೆ. ಸಂಬಂಧ ಕುದುರಿಸುವವಳು ಎಂದೇ ಅವರು ತಿಳಿದಿದ್ದರಂತೆ. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ಜರಿಸೀರೆಯುಟ್ಟ ಹುಡುಗಿ ಬಂದು ನಮಸ್ಕರಿಸಿ ಒಂದು ದೇವರನಾಮ ಹೇಳಿದಳು. ಇದು ಈ ಸೀಮೆಯ ಅತಿಥಿಸತ್ಕಾರವೆಂದು ಪ್ರೊಫೆಸರು ಶ್ರದ್ಧೆಯಿಂದ ಬರೆದುಕೊಂಡರು. ನನಗೆ ಅರ್ಥವಾಗಿತ್ತು, ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಆಮೇಲೆ ಶಾನುಭೋಗರು ಪ್ರೊಫೆಸರ ತಂದೆ, ತಾತ, ಊರು ವಿಚಾರಿಸಿದರು. ಧಾರವಾಡ ಎಂದ ಕೂಡಲೇ ಅವರ ಮುಖ ಸಪ್ಪಗಾಯಿತು.

"ಬೇಜಾರು ಮಾಡ್ಕೋಬೇಡಿ ಸ್ವಾಮಿ. ನೋಡೋಕೆ ಲಕ್ಷಣವಾಗಿದೀರಿ, ಕೆಲಸಾನೂ ಇದೆ. ಆದ್ರೆ ಹೊರಗಿನವ್ರಿಗೆ ನಾವು ಹೆಣ್ಣು ಕೊಡಲ್ಲ."

ಬಸ್ಸು ನಿಲ್ಲುವ ಜಾಗಕ್ಕೆ ಬಂದೆವು. ಪ್ರೊಫೆಸರು ಅಲ್ಲಿ ನನ್ನ ನೋಟ್‌ಬುಕ್ಕು ಈಸಿಕೊಂಡು, ಆ ಸಾಲಿನ ಪಕ್ಕದಲ್ಲಿ ಬರೆದು ಸಹಿ ಹಾಕಿದರು: "ಸ್ವತಃ ಪರಿಶೀಲಿಸಿದ್ದೇನೆ. ಸರಿಯಾಗಿದೆ."