ನಾಲ್ಕನೇ ಕ್ಲಾಸಿನ ಆಟದ ಪೀರಿಯಡ್

ಇಷ್ಟೆಲ್ಲಕ್ಕೂ ಕಾರಣವಾದದ್ದು ಒಂದು ಫೋಟೋ. ನಾಲ್ಕನೇ ತರಗತಿಯ ಮಕ್ಕಳನ್ನು ಶಾಲೆಯ ತಾರಸಿಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸೋಣವೆಂದು ಡ್ರಿಲ್ ಮೇಷ್ಟ್ರು ಮೆಟ್ಟಿಲು ಹತ್ತಿಸಿದರೆ, ಅರ್ಧ ದಾರಿಯಲ್ಲೇ ಇಡೀ ತರಗತಿ ಉಸ್ಸಪ್ಪಾ ಎಂದು ಕೂತುಬಿಟ್ಟಿತು. ಎಲ್ಲರಿಗಿಂತ ಮುಂದಿದ್ದ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನೀವು ಹೋಗ್ತಿರಿ ಸರ್, ನಾವು ಸ್ವಲ್ಪ ಸುಧಾರಿಸ್ಕೊಂಡು ಬರ್ತೀವಿ" ಎಂದಳು. ಅವಳಿಗೆ ಒಂಬತ್ತು ವರ್ಷ. ಅವಳ ಅಜ್ಜಿಯಾದರೂ ಇನ್ನೆರಡು ಮೆಟ್ಟಿಲು ಹತ್ತಿ ಈ ಮಾತು ಹೇಳುತ್ತಿದ್ದರೇನೋ. ಫೋಟೋದವನು ಕಾದು ಕಾದು, ಕೊನೆಗೆ ಮೆಟ್ಟಿಲ ಮೇಲೆಯೇ ಕೂತವರ ಫೋಟೋ ತೆಗೆದುಕೊಂಡು ಹೋದ.

ಡ್ರಿಲ್ ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ. ಮಕ್ಕಳನ್ನು ಬೈದು ಫಲವಿಲ್ಲವೆಂದು ಅವರಿಗೆ ಗೊತ್ತಿತ್ತು. ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ ಇತ್ತು, ನಿಜ. ಆದರೆ ಅದನ್ನು ಲೆಕ್ಕದ ಮೇಡಂ, ಪಾಠ ಮುಗಿದಿಲ್ಲ ಎಂದು ಪ್ರತಿ ಸಲವೂ ಎರವಲು ಪಡೆಯುತ್ತಿದ್ದರು. ಅವರ ಪಾಠ ಮುಗಿದ ವರ್ಷವನ್ನು ಆ ಶಾಲೆಯಲ್ಲಿ ಯಾರೂ ಕಂಡವರಿರಲಿಲ್ಲ. ಹೀಗಾಗಿ ಡ್ರಿಲ್ ಮೇಷ್ಟ್ರಿಗೆ ಉಳಿದ ಕೆಲಸವೆಂದರೆ ಬೆಳಿಗ್ಗೆ ಗೇಟಿನಲ್ಲಿ ಮಕ್ಕಳ ಉಗುರು ನೋಡುವುದು, ಯಾರಾದರೂ ರಜೆ ಹಾಕಿದರೆ ಆ ತರಗತಿಗೆ ಹೋಗಿ ಗದ್ದಲವಾಗದಂತೆ ಕೂರುವುದು, ಅಷ್ಟೆ. ಇದಕ್ಕಾಗಿ ತಾನು ಓಟದಲ್ಲಿ ಕಪ್ಪು ಗೆದ್ದು ಬಂದೆನೇ ಎಂದು ಅವರು ಮನೆಯಲ್ಲಿ ಹಲುಬಿದಾಗ, ಹೆಂಡತಿ ತಟ್ಟೆ ಎತ್ತಿಕೊಳ್ಳುತ್ತಾ, "ಕಪ್ಪಿನ ಕತೆ ಸಾಕು. ಒಂದು ಕ್ಲಾಸನ್ನ ಒಂದು ಪೀರಿಯಡ್ ಓಡ್ಸಿ ನೋಡೋಣ" ಅಂದರು. ಆ ಮಾತು ನಾಟಿತು. ನಾಲ್ಕನೇ ಕ್ಲಾಸನ್ನು ಓಡಿಸಿಯೇ ತೀರುವೆನೆಂದು ಮೇಷ್ಟ್ರು ಟೊಂಕ ಕಟ್ಟಿದರು.

ಕಾಲವೂ ಕೂಡಿ ಬಂದಿತ್ತು. ಮರುದಿನವೇ ಶಿಕ್ಷಣಾಧಿಕಾರಿಗಳು ಶಾಲೆಗೆ ಬರುವವರಿದ್ದರು. ಮಕ್ಕಳ ಆಟವನ್ನು ಕಣ್ಣಾರೆ ಕಂಡು ಮೆಚ್ಚಿದರೆ, ಇಡೀ ಶಾಲೆಗೆ ದಿನಕ್ಕೊಂದು ಆಟದ ಪೀರಿಯಡ್ ಕೊಟ್ಟು ಆಜ್ಞೆ ಬರೆಯುತ್ತಾರಂತೆ. ಆ ಆಜ್ಞೆ ಬಿತ್ತೆಂದರೆ ಅದನ್ನು ಯಾವ ಮೇಡಂ ಕೂಡ ಎರವಲು ಪಡೆಯುವ ಹಾಗಿಲ್ಲ. ಮೆಚ್ಚದೆ ಹೋದರೆ ಇದ್ದ ಪೀರಿಯಡ್ಡೂ ಲೆಕ್ಕಕ್ಕೇ ಖಾಯಂ.

ಮುಖ್ಯೋಪಾಧ್ಯಾಯಿನಿಯವರನ್ನು ಶಾಲೆಯಲ್ಲಿ ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಹಿಂದೊಮ್ಮೆ ಯಾವುದೋ ಮಗುವಿನ ಮಂಡಿ ತರಚಿ, ಅದರ ಮನೆಯವರೆಲ್ಲ ಬಂದು ಆಫೀಸಿನಲ್ಲಿ ಸಂಜೆಯ ತನಕ ಕೂತಿದ್ದರು. ಆಮೇಲೆ ದೊಡ್ಡ ಮೇಡಂಗೆ ಆಟವೆಂದರೆ ಎದೆ ಢವಢವ. ಅಂಗಳದಲ್ಲಿದ್ದ ಕಲ್ಲುಗಳನ್ನೆಲ್ಲ ಒಂದೂ ಬಿಡದಂತೆ ಆರಿಸಿ ಹೊರಗೆ ಹಾಕಿಸಿದ್ದರು. ಅಧಿಕಾರಿಗಳ ಹೆಸರು ಹೇಳಿದ ಮೇಲೆ ಒಪ್ಪಿದರೇನೋ ಸರಿ, ಆದರೆ ಯಾರೂ ಬೀಳಬಾರದು, ಬಟ್ಟೆ ಕೊಳೆಯಾಗಬಾರದು, ಸದ್ದಾಗಬಾರದು ಎಂದರು. ಎಲ್ಲದಕ್ಕೂ ಡ್ರಿಲ್ ಮೇಷ್ಟ್ರು ತಲೆಯಾಡಿಸಿದರು. ಒಮ್ಮೆ ಮಕ್ಕಳು ಓಡಲಿ, ಮಿಕ್ಕದ್ದನ್ನು ನೋಡಿಕೊಳ್ಳಬಹುದು ಎಂಬುದು ಅವರ ಎಣಿಕೆ.

ಮರುದಿನ ಆಟದ ಪೀರಿಯಡ್ಡಿನ ಬೆಲ್ ಹೊಡೆಯಿತು. ನಾಲ್ಕನೇ ತರಗತಿ ಸಾಲಾಗಿ ಹೊರಗೆ ಬಂದು ಜಗುಲಿಯ ಮೆಟ್ಟಿಲ ಮೇಲೆ ಶಿಸ್ತಾಗಿ ಕೂತಿತು. ಎಲ್ಲರ ತೊಡೆಯ ಮೇಲೂ ಬ್ಯಾಗು. ಅವರ ಪಾಲಿಗೆ ಆಟದ ಪೀರಿಯಡ್ ಎಂದರೆ ಭಾಗಾಕಾರ.

"ಏಳಿ, ಓಡಿ" ಎಂದರು ಮೇಷ್ಟ್ರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಕೈಯೆತ್ತಿ, "ಗೆರೆ ಇರೋ ಪುಸ್ತಕದಲ್ಲಾ ಸರ್, ಗೆರೆ ಇಲ್ದೇ ಇರೋದ್ರಲ್ಲಾ?" ಎಂದು ಕೇಳಿದ. ಇನ್ನೊಬ್ಬಳಿಗೆ ಇದು ಪರೀಕ್ಷೆಗೆ ಬರುತ್ತದೆಯೇ ಎಂದು ತಿಳಿಯಬೇಕಿತ್ತು. ಓಟವೆಂದರೇನು ಎಂದು ಕೇಳಿದರೆ ಇಡೀ ತರಗತಿ ಒಂದೇ ಉಸಿರಿಗೆ, "ಓಟವು ಒಂದು ಉತ್ತಮ ವ್ಯಾಯಾಮ. ಅದರಿಂದ ಆರೋಗ್ಯ ವೃದ್ಧಿಸುತ್ತದೆ" ಎಂದು ಒಪ್ಪಿಸಿತು. ಆದರೂ ಮೇಷ್ಟ್ರು ಎದೆಗುಂದಲಿಲ್ಲ. ಮಾತಿನಲ್ಲಿ ಹೇಳಿದರೆ ಆಗುವುದಿಲ್ಲ, ಚೆಂಡು ಕಂಡರೆ ತಾವಾಗಿಯೇ ಏಳುತ್ತವೆ ಎಂದುಕೊಂಡು ಗುಮಾಸ್ತರನ್ನು ಕರೆದರು.

ಶಾಲೆಗಿದ್ದದ್ದು ಒಂದೇ ಚೆಂಡು, ಅದಿದ್ದದ್ದು ಗುಮಾಸ್ತರ ಬೀರುವಿನಲ್ಲಿ. ಕೊಂಡ ದಿನ ಹೇಗಿತ್ತೋ ಇಂದಿಗೂ ಹಾಗೆಯೇ ಮಿರಿಮಿರಿ ಮಿಂಚುತ್ತಿತ್ತು. ಅದನ್ನು ಅವರು ಟವೆಲ್ಲಿನಲ್ಲಿ ಸುತ್ತಿ, ಬಾಣಂತಿ ಮಗುವನ್ನು ತರುವಂತೆ ಎತ್ತಿಕೊಂಡು ಬಂದು ಜಗುಲಿಯ ಮೇಲಿಟ್ಟರು. "ನೆಲಕ್ಕೆ ತಾಗಿಸ್ಬೇಡಿ ಸರ್, ಬಣ್ಣ ಹೋಗತ್ತೆ" ಎಂದು ಹೇಳಿ ಪಕ್ಕದಲ್ಲೇ ಕಾವಲು ನಿಂತರು.

ಆಗಲೇ ಮೇಷ್ಟ್ರಿಗೆ ಹೊಳೆದದ್ದು, ಆಡುವುದಾದರೂ ಎಲ್ಲಿ? ಶಾಲೆಯ ಅಂಗಳ ಊಟದ ತಟ್ಟೆಯಂತೆ ನಡುವೆ ತಗ್ಗಾಗಿತ್ತು. ಆ ತಗ್ಗಿನಲ್ಲಿ, ಸರಿಯಾಗಿ ನಟ್ಟನಡುವೆ, ದೊಡ್ಡ ಮೇಡಂ ಅವರ ಹಳೇ ಕಾರು ನಿಂತಿತ್ತು. ಅದು ಅಲ್ಲೇ ನಿಲ್ಲಬೇಕು. ಅದರ ಹ್ಯಾಂಡ್ ಬ್ರೇಕು ಕಚ್ಚುತ್ತಿರಲಿಲ್ಲ, ಗೇರಿನಲ್ಲಿಟ್ಟರೂ ಜಾರುತ್ತಿತ್ತು. ಇಡೀ ಊರಿನಲ್ಲಿ ಅದು ನೆಮ್ಮದಿಯಿಂದ ನಿಲ್ಲುತ್ತಿದ್ದ ಜಾಗ ಆ ತಗ್ಗೊಂದೇ.

ಕಾರನ್ನು ಹೊರಗೆ ತೆಗೆಯಬೇಕೆಂದು ಡ್ರಿಲ್ ಮೇಷ್ಟ್ರು ಪಟ್ಟು ಹಿಡಿದರು. ದೊಡ್ಡ ಮೇಡಂ ಮುಖ ಗಂಟಿಕ್ಕಿಕೊಂಡೇ ಹೋಗಿ ಕೀಲಿ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇನ್ನು ಗೇಟಿನವರೆಗೆ ಏರು ಹತ್ತಿಸಿ ತಳ್ಳುವುದೊಂದೇ ದಾರಿ. ಮಕ್ಕಳ ಕೈಯಲ್ಲಿ ತಳ್ಳಿಸೋಣವೆಂದರೆ ದೊಡ್ಡ ಮೇಡಂ ಹೌಹಾರಿದರು. ಮೆಟ್ಟಿಲ ಕಡೆ ತಿರುಗಿ, "ಯಾರೂ ಅಲುಗಾಡಬಾರ್ದು, ಕೂತಲ್ಲೇ ಕೂತಿರಿ" ಎಂದು ಗದರಿದರು. ಮಕ್ಕಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸವೇ ಅದು.

ಮೇಷ್ಟ್ರು ಒಬ್ಬರೇ ಬೆನ್ನು ಕೊಟ್ಟರೆ ಕಾರು ಮಿಸುಕಲಿಲ್ಲ. ಗುಮಾಸ್ತರು ಚೆಂಡನ್ನು ಬಿಟ್ಟು ಬರಲಾರೆ ಎಂದು ಗೊಣಗುತ್ತಲೇ ಬಂದು ಕೈ ಹಚ್ಚಿದರು. ತನ್ನ ಪೀರಿಯಡ್ ಹೇಗೆ ಹಾಳಾಗುತ್ತಿದೆಯೆಂದು ನೋಡಲು ಬಂದ ಲೆಕ್ಕದ ಮೇಡಂ, ದೊಡ್ಡ ಮೇಡಂ ಕಣ್ಣಿಗೆ ಬಿದ್ದು ಸಿಕ್ಕಿಹಾಕಿಕೊಂಡರು. ಪಕ್ಕದ ಮನೆಯ ನಿವೃತ್ತ ಹಿರಿಯರೊಬ್ಬರು ಹಗಲೆಲ್ಲ ಕಾಂಪೌಂಡಿನ ಮೇಲೆ ತಲೆಯಿಟ್ಟು ಶಾಲೆಯ ಎಲ್ಲದರಲ್ಲೂ ಮೂಗು ತೂರಿಸುತ್ತಿದ್ದರು. ಮಕ್ಕಳು ಅವರಿಗೆ ಕಾಂಪೌಂಡ್ ತಾತ ಎಂದು ಹೆಸರಿಟ್ಟಿದ್ದರು. ಅವರು ಎಡಕ್ಕೆ, ಬಲಕ್ಕೆ ಎಂದು ಅಲ್ಲಿಂದಲೇ ಸಲಹೆ ಕೊಟ್ಟು, ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ತಡೆಯಲಾರದೆ ಗೇಟು ದಾಟಿ ಬಂದೇಬಿಟ್ಟರು. ತನ್ನ ಕಾರನ್ನು ಬೇರೆ ಯಾರೂ ಮುಟ್ಟಕೂಡದೆಂದು ದೊಡ್ಡ ಮೇಡಂ ಕಿಟಕಿಯೊಳಗೆ ಕೈ ತೂರಿಸಿ ಸ್ಟೇರಿಂಗ್ ಹಿಡಿದು ಪಕ್ಕದಲ್ಲೇ ನಡೆದರು.

ಏಲೇಲೋ ಎಂದು ತಳ್ಳಿದರು. ಕಾರು ಮುಕ್ಕಾಲು ಏರು ಹತ್ತಿತು. ಅಷ್ಟರಲ್ಲಿ ಲೆಕ್ಕದ ಮೇಡಂ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ಕೈಬಿಟ್ಟರು. ಕಾರಿಗೂ ಅಷ್ಟೇ ಬೇಕಿತ್ತು. ಅದು ಹಿಂದಕ್ಕೆ ಉರುಳಿತು. ಮುಂದೆ ಇವರು, ಹಿಂದೆ ಕಾರು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಅದು ತಗ್ಗು ದಾಟಿ ಆಚೆ ಬದಿಯ ಏರು ಹತ್ತಿ, ಅಲ್ಲಿಂದ ಮತ್ತೆ ಈಚೆಗೆ ಬಂದು, ತೊಟ್ಟಿಲಿನಂತೆ ತೂಗಿ ತೂಗಿ ತನ್ನ ಜಾಗದಲ್ಲೇ ನಿಂತಿತು. ಅಷ್ಟೂ ಹೊತ್ತು ದೊಡ್ಡ ಮೇಡಂ ಸ್ಟೇರಿಂಗ್ ಬಿಡದೆ ಅದರ ಜೊತೆ ಆಚೆಗೂ ಈಚೆಗೂ ಓಡಿದರು. ಅವರು ಓಡಬಲ್ಲರೆಂಬುದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

"ಇನ್ನೊಂದ್ಸಲ" ಎಂದರು ಡ್ರಿಲ್ ಮೇಷ್ಟ್ರು, ತೋಳು ಮಡಚುತ್ತಾ.

ಎರಡನೇ ಸಲವೂ ಹಾಗೇ ಆಯಿತು. ಮೂರನೆಯ ಸಲ ಕಾರು ಗೇಟಿನ ಹತ್ತಿರ ಬಂದಿತ್ತು. ಚಕ್ರಕ್ಕೆ ಏನಾದರೂ ಅಡ್ಡ ಕೊಡಿ, ಕಲ್ಲು ತನ್ನಿ ಎಂದು ಮೇಷ್ಟ್ರು ಕೂಗಿದರು. ಆ ಅಂಗಳದಲ್ಲಿ ಹುಡುಕಿದರೂ ಒಂದು ಕಲ್ಲಿಲ್ಲ. ಕಾಂಪೌಂಡ್ ತಾತ ಆಚೀಚೆ ನೋಡಿ, ಜಗುಲಿಯ ಕಡೆ ಓಡಿ, ಟವೆಲ್ಲಿನಲ್ಲಿ ಸುತ್ತಿಟ್ಟಿದ್ದನ್ನು ಹಾಗೆಯೇ ತಂದು ಚಕ್ರದಡಿ ತುರುಕಿದರು.

ಢಮಾರ್ ಎಂದು ಸದ್ದಾಯಿತು. ಗುಮಾಸ್ತರು ಎದೆ ಹಿಡಿದುಕೊಂಡರು. ಹಿಡಿದುಕೊಳ್ಳಲು ಎರಡೂ ಕೈ ಬೇಕಾದ್ದರಿಂದ ಕಾರು ಮತ್ತೆ ಉರುಳಿತು. ಅದರ ಜೊತೆ ದೊಡ್ಡ ಮೇಡಂ, ಹಿಂದೆ ಲೆಕ್ಕದ ಮೇಡಂ, ತಾತನನ್ನು ಅಟ್ಟಿಸಿಕೊಂಡು ಗುಮಾಸ್ತರು, ಅವರನ್ನು ತಡೆಯಲು ಡ್ರಿಲ್ ಮೇಷ್ಟ್ರು, ಹೀಗೆ ಎಲ್ಲರೂ ಅಂಗಳದ ಸುತ್ತ ಓಡುತ್ತಿರುವಾಗ ಗೇಟಿನಲ್ಲಿ ಶಿಕ್ಷಣಾಧಿಕಾರಿಗಳು ನಿಂತಿದ್ದರು.

ಡ್ರಿಲ್ ಮೇಷ್ಟ್ರ ಜೀವ ಬಾಯಿಗೆ ಬಂತು. ಎಲ್ಲ ಮುಗಿಯಿತು ಎಂದುಕೊಂಡರು. ಮೆಟ್ಟಿಲ ಮೇಲೆ ನಾಲ್ಕನೇ ತರಗತಿ ಬ್ಯಾಗು ತಬ್ಬಿಕೊಂಡು ಕೂತೇ ಇತ್ತು. ಒಂದು ಮಗುವೂ ಒಂದು ಹೆಜ್ಜೆ ಓಡಿರಲಿಲ್ಲ.

ಅಧಿಕಾರಿ ಸಾಹೇಬರು ಮಾತ್ರ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಮುಖ ಅರಳಿಸಿ, "ಎಲ್ಲಾ ಕಡೆ ಮಕ್ಕಳು ಓಡ್ತಾರೆ, ಟೀಚರುಗಳು ನೆರಳಲ್ಲಿ ಕೂತಿರ್ತಾರೆ. ನಿಮ್ಮಲ್ಲಿ ದೊಡ್ಡೋರೇ ಓಡಿ ತೋರಿಸ್ತಿದೀರಲ್ಲ. ಇದೇನು, ಹೊಸಾ ಪದ್ಧತಿನಾ?" ಎಂದರು.

ದೊಡ್ಡ ಮೇಡಂಗೆ ಉಸಿರಿರಲಿಲ್ಲ, ಆದರೆ ಬುದ್ಧಿಯಿತ್ತು. ಕಾರಿನ ವಿಷಯ ಬಾಯಿಬಿಟ್ಟರೆ ಮಾನ ಹೋಗುತ್ತದೆಂದು ತಿಳಿದು, ಸೆರಗಿನಿಂದ ಬೆವರೊರೆಸಿಕೊಂಡು, "ಹೌದು ಸರ್. ನಮ್ಮ ಡ್ರಿಲ್ ಮೇಷ್ಟ್ರೇ ಇದನ್ನ ಶುರು ಮಾಡಿದ್ದು" ಎಂದುಬಿಟ್ಟರು. ಸಾಹೇಬರು ಮಕ್ಕಳ ಹತ್ತಿರ ಹೋಗಿ, ಇದನ್ನೆಲ್ಲ ನೋಡಿ ಏನು ಕಲಿತಿರಿ ಎಂದು ಕೇಳಿದರು. "ಓಟವು ಒಂದು ಉತ್ತಮ ವ್ಯಾಯಾಮ. ಅದರಿಂದ ಆರೋಗ್ಯ ವೃದ್ಧಿಸುತ್ತದೆ" ಎಂದಿತು ನಾಲ್ಕನೇ ತರಗತಿ, ಒಂದೇ ಉಸಿರಿಗೆ. ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲೇ ಜಗುಲಿಯ ಮೇಲೆ ಕೂತು ಆಜ್ಞೆ ಬರೆಯಲು ಶುರು ಮಾಡಿದರು. ಈ ಶಾಲೆಗೆ ದಿನಕ್ಕೊಂದು ಆಟದ ಪೀರಿಯಡ್. ಶಿಕ್ಷಕರೆಲ್ಲ ಆಡಬೇಕು, ಮಕ್ಕಳೆಲ್ಲ ನೋಡಿ ಕಲಿಯಬೇಕು.

ಡ್ರಿಲ್ ಮೇಷ್ಟ್ರು ತಡೆಯಲಾರದೆ, "ಸಾರ್, ಓಡಬೇಕಾದ್ದು ಮಕ್ಕಳು" ಎಂದರು.

"ಅವ್ರೂ ಓಡಿದ್ರೆ ನೋಡೋರ್ಯಾರು ಮೇಷ್ಟ್ರೇ?" ಎಂದರು ಸಾಹೇಬರು, ಬರೆಯುತ್ತಲೇ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏನೋ ಸರಬರ ಸದ್ದಾಯಿತು. ದೊಡ್ಡವರು ಇಷ್ಟು ಹೊತ್ತು ಬಿದ್ದು ಎದ್ದು ಓಡಿದ್ದನ್ನು ನೋಡಿ ನೋಡಿ ಮಕ್ಕಳ ಕಾಲು ತುರಿಸಲು ಶುರುವಾಗಿತ್ತು. ಒಬ್ಬಳು ಬ್ಯಾಗು ಕೆಳಗಿಟ್ಟಳು. ಅವಳ ಪಕ್ಕದವನು ಎದ್ದ. ನೋಡನೋಡುತ್ತ ಇಡೀ ತರಗತಿ ಎದ್ದು ನಿಂತು, ಕಿಸಕ್ಕೆಂದು ನಗುತ್ತಾ, ಅಂಗಳಕ್ಕೆ ಒಂದು ಕಾಲು ಇಟ್ಟಿತು. ಈ ಶಾಲೆಗೆ ಬಂದಾಗಿನಿಂದ ಡ್ರಿಲ್ ಮೇಷ್ಟ್ರು ಕಾದದ್ದು ಈ ಒಂದು ಗಳಿಗೆಗೆ.

ಸಾಹೇಬರು ತಲೆಯೆತ್ತಿದರು. ಪೆನ್ನು ನಿಂತಿತು. "ಇದೇನು, ಮಕ್ಕಳು ಏಳ್ತಿದಾವಲ್ಲ? ಪದ್ಧತಿ ಹೀಗಾ?" ಎಂದು ಹುಬ್ಬು ಗಂಟಿಕ್ಕಿದರು. ದೊಡ್ಡ ಮೇಡಂ ಮೇಷ್ಟ್ರನ್ನು ನುಂಗುವ ಹಾಗೆ ನೋಡಿದರು. ಮೇಷ್ಟ್ರು ಲೆಕ್ಕ ಹಾಕಿದರು. ಸಾಹೇಬರ ಸಹಿ ಇನ್ನೂ ಬಿದ್ದಿಲ್ಲ. ಮೊದಲು ದಿನಕ್ಕೊಂದು ಪೀರಿಯಡ್ ಕೈಗೆ ಬರಲಿ, ಸಾಹೇಬರು ಬೆನ್ನು ತಿರುಗಿಸಲಿ, ಆಮೇಲೆ ಈ ಮಕ್ಕಳನ್ನು ಓಡಿಸದಂತೆ ತಡೆಯುವವರು ಯಾರು? ಇವತ್ತೊಂದು ದಿನದ ಮಾತು. ಅವರು ಮನಸ್ಸು ಕಲ್ಲು ಮಾಡಿಕೊಂಡು ಮಕ್ಕಳ ಕಡೆ ತಿರುಗಿದರು.

"ಕೂತ್ಕೊಳ್ರೋ ಎಲ್ಲಾ" ಎಂದರು. ಅವರಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು ದನಿ.

ನಗು ನಿಂತಿತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕನೇ ತರಗತಿ ಮೊದಲಿನಂತೆ ಕೂತುಕೊಂಡಿತು.

ಸಾಹೇಬರು ಬೆರಗಾಗಿ, ಒಂದೇ ಮಾತಿಗೆ ಇಷ್ಟು ಮಕ್ಕಳು ಕೂತದ್ದನ್ನು ತಾನು ಎಲ್ಲಿಯೂ ಕಂಡಿಲ್ಲವೆಂದು ಮೇಷ್ಟ್ರ ಬೆನ್ನು ತಟ್ಟಿದರು. ಆಮೇಲೆ ಆಜ್ಞೆಯ ಕೊನೆಗೆ ಇನ್ನೆರಡು ಸಾಲು ಸೇರಿಸಿ, ಸಹಿ ಹಾಕಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಆಟದ ಪೀರಿಯಡ್ ಮುಗಿಯುವ ತನಕ ಒಂದು ಮಗುವೂ ಕೂತಲ್ಲಿಂದ ಏಳದ ಹಾಗೆ ನೋಡಿಕೊಳ್ಳುವ ಪೂರ್ತಿ ಜವಾಬ್ದಾರಿ ಡ್ರಿಲ್ ಮೇಷ್ಟ್ರದ್ದು. ಈ ಪೀರಿಯಡ್ಡನ್ನು ಯಾವ ಕಾರಣಕ್ಕೂ ಬೇರೆ ಯಾರೂ ಅವರಿಂದ ತೆಗೆದುಕೊಳ್ಳುವಂತಿಲ್ಲ.