ಇನ್‌ಚಾರ್ಜ್ ಮಹಾದಂಡನಾಯಕ

ಬ್ರಿಟಿಷ್ ಸೈನ್ಯದ ಮಹಾದಂಡನಾಯಕರ ಹುದ್ದೆಯನ್ನು 1904ನೇ ಇಸವಿಯಲ್ಲಿ ರದ್ದು ಮಾಡಲಾಯಿತೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಲಂಡನ್ನಿನ ಮಟ್ಟಿಗೆ ಈ ಮಾತು ನಿಜವಿರಬಹುದು. ನಮ್ಮ ಕಡೆ ಸದರಿ ಹುದ್ದೆ ಈಗಲೂ ಚಾಲ್ತಿಯಲ್ಲಿದೆ. 1942ರ ಶ್ರಾವಣದಿಂದ ಅದನ್ನು ನಾನೇ ನಿರ್ವಹಿಸುತ್ತಿದ್ದೇನೆ. ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿಯೂ ಇದೆ. ಬೆಳಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಸೈನ್ಯ.

ಈ ಬಗ್ಗೆ ಊರಲ್ಲಿ ಅಸೂಯೆಯ ಮಾತುಗಳು ಹಬ್ಬಿರುವುದರಿಂದ, ಸಾರ್ವಜನಿಕರ ಅವಗಾಹನೆಗಾಗಿ ನಡೆದದ್ದನ್ನು ನಡೆದ ಹಾಗೆ ನಿವೇದಿಸಿಕೊಳ್ಳುತ್ತಿದ್ದೇನೆ.

ಯುದ್ಧ ಜೋರಾದಾಗ ನಮ್ಮ ಕಡೆಯ ಕೆಲವು ಗಣ್ಯರು ಸೇರಿ 'ಸಮರ ತಿಳಿವಳಿಕೆ ಪ್ರಚಾರ ಉಪಸಮಿತಿ' ಎಂಬುದನ್ನು ಸ್ಥಾಪಿಸಿಕೊಂಡೆವು. ಸಮಿತಿ ಇರಲಿಲ್ಲ, ಉಪಸಮಿತಿ ಮಾತ್ರ ಇತ್ತು. ಅದರ ಕಚೇರಿ ಎಲ್ಲಿರಬೇಕೆಂಬುದೇ ಮೊದಲನೆಯ ಯುದ್ಧ. ಜಿಲ್ಲಾ ಕೇಂದ್ರ ತಮ್ಮದೆಂದು ಹಾಸನದವರು, ಹೊಳೆ ತಮ್ಮದೆಂದು ಹೊಳೆನರಸೀಪುರದವರು, ತಮ್ಮನ್ನು ಯಾವಾಗಲೂ ಮರೆಯುತ್ತಾರೆಂದು ಅರಕಲಗೂಡಿನವರು, ಉಳಿದ ಮೂವರೂ ಕೇಳುತ್ತಿದ್ದಾರಲ್ಲ ಎಂದು ನಾವು, ಹೀಗೆ ಎಲ್ಲರೂ ಹಟ ಹಿಡಿದೆವು. ಕೊನೆಗೆ ಕಚೇರಿ ಮೊಸಳೆ ಎಂಬ ಊರಿಗೆ ಹೋಯಿತು. ಅಲ್ಲಿ ಒಂದೇ ಥರದ ಎರಡು ದೇವಸ್ಥಾನಗಳು ಪಕ್ಕಪಕ್ಕದಲ್ಲಿ ಇರುವುದರಿಂದ, ಆ ಊರಿನಲ್ಲಿ ಕೂತು ಮಾಡಿದ್ದು ಪಕ್ಷಪಾತವೆಂದು ಯಾರೂ ಹೇಳಲಾರರು. ಅಲ್ಲಿಗೆ ಹೋಗಿಬರುವುದು ನಾಲ್ಕೂ ಊರಿನವರಿಗೆ ಸಮನಾಗಿ ತೊಂದರೆಯಾಯಿತು.

ಅಧ್ಯಕ್ಷರು ಗೌರೀಶಂಕರಯ್ಯನವರು, ತಾಲ್ಲೂಕು ಕಚೇರಿಯ ನಿವೃತ್ತ ಪೇಷ್ಕಾರರು. ಅವರು ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ನಿಯಮಗಳಿಂದ ಆಗಿರಲಿಲ್ಲ. ನಾನು, ನಾಗಕುಮಾರ, ಉಪಸಮಿತಿಯ ಸೈನಿಕ ಪರಿಣತ. ನಾನು ಹುಟ್ಟಿನಿಂದ ಜೈನ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಸಿಕ್ಕ ಜೀವಗಳನ್ನು ವಾಪಸು ಬಾವಿಗೇ ಬಿಡುವ ಮನೆತನ ನಮ್ಮದು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಂಗಡಿಗೆ ಇಲಿ ಬಂದರೆ ಎದ್ದು ದಾರಿ ಬಿಡುವವನು ನಾನೇ. ಇಂಥವನಿಗೆ ಈ ಪದವಿ ಬಂದದ್ದಕ್ಕೆ ಕಾರಣ ಒಂದು ಇಂಗ್ಲಿಷ್ ಪುಸ್ತಕ. ಹಳೇ ಹಿತ್ತಾಳೆ ಸಾಮಾನಿನ ಜೊತೆ ಯಾರೋ ಅದನ್ನೂ ಅಂಗಡಿಗೆ ತಂದು ಹಾಕಿದ್ದರು. ಬ್ರಿಟಿಷ್ ಸೈನ್ಯದ ಚರಿತ್ರೆ. ಮೊದಲಿನ ಪುಟಗಳೂ ಕೊನೆಯ ಪುಟಗಳೂ ಹರಿದುಹೋಗಿದ್ದವು. ಹೀಗಾಗಿ ಎಲ್ಲ ಯುದ್ಧಗಳ ಮಧ್ಯಭಾಗ ನನಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ಶುರುವಾದವು, ಯಾರು ಗೆದ್ದರು ಎಂಬುದು ಗೊತ್ತಿರಲಿಲ್ಲ. ನಮ್ಮ ಕಡೆ ಇಷ್ಟು ತಿಳಿದವರೂ ಬೇರೆ ಇರಲಿಲ್ಲ.

ದುದ್ದ ಎಂಬ ಹಳ್ಳಿಯಲ್ಲಿ ನನ್ನ ಭಾಷಣ ಏರ್ಪಾಡಾಯಿತು. ವಿಷಯ: 'ಮಹಾದಂಡನಾಯಕರ ಹುದ್ದೆ ನಡೆದು ಬಂದ ದಾರಿ'. ಜನ ರಾಗಿ ಪೈರು ಬಿಟ್ಟು ಬಂದು ಕೂತಿದ್ದರು. ಈ ಹುದ್ದೆ ಇನ್ನೂರೆಂಬತ್ತು ವರ್ಷದ ಹಿಂದೆ ಹುಟ್ಟಿತೆಂದೂ, ಆಗಾಗ ರಾಜರು ಯಾರನ್ನೂ ನೇಮಿಸದೆ ಅದನ್ನು ಸುಮ್ಮನೆ ಖಾಲಿ ಬಿಡುತ್ತಿದ್ದರೆಂದೂ ಹೇಳಿದೆ. ವಿಕ್ಟೋರಿಯಾ ರಾಣಿಯವರ ಚಿಕ್ಕಪ್ಪನ ಮಗ ಸುಮಾರು ನಲವತ್ತು ವರ್ಷ ಆ ಕುರ್ಚಿ ಬಿಟ್ಟು ಏಳಲಿಲ್ಲವೆಂದೂ, ಸೈನ್ಯದಲ್ಲಿ ಯಾವ ಬದಲಾವಣೆಯೂ ಆಗದಂತೆ ನೋಡಿಕೊಳ್ಳುವುದೇ ಅವರ ಪರಾಕ್ರಮವಾಗಿತ್ತೆಂದೂ ಹೇಳಿದಾಗ, ಸಭಿಕರು ತಮ್ಮ ಊರಿನ ಯಾರನ್ನೋ ನೆನೆಸಿಕೊಂಡು ತಲೆದೂಗಿದರು. ಆಫ್ರಿಕದಲ್ಲಿ ಬೋಯರ್ ಎಂಬ ರೈತರ ಕೈಲಿ ಪೆಟ್ಟು ತಿಂದ ಮೇಲೆ ಹುದ್ದೆಯನ್ನೇ ತೆಗೆದುಹಾಕಿ, ಒಂದು ಮಂಡಲಿ ಮಾಡಿ, ಸಲಹೆ ಕೊಡಲು ಒಬ್ಬ ಸಿಬ್ಬಂದಿ ಮುಖ್ಯಸ್ಥರನ್ನು ಇಟ್ಟರೆಂದು ಭಾಷಣ ಮುಗಿಸಿದೆ. ಚಪ್ಪಾಳೆ ಬಂತು.

ಆಗ ಹಿಂದಿನಿಂದ ಲಕ್ಕಮ್ಮ ಎಂಬ ಹೆಂಗಸು ಎದ್ದು ನಿಂತಳು.

"ಸೋಮಿ, ನನ್ ಮಗ ಕೆಂಪಣ್ಣ ಈಜಿಪ್ಟಲ್ಲಿ ದಂಡಿನ ಲಾರಿ ಓಡಿಸ್ತಾವ್ನೆ. ಓಗಿ ಎಲ್ಡು ಸುಗ್ಗಿ ಆದೋ. ಒಂದ್ಸಲ ಬಂದು ಮಕ ತೋರ್ಸಿ ಓಗ್ಲಿ ಅಂತ ಕಂಡಕಂಡೋರ್ನೆಲ್ಲಾ ಕೇಳ್ದೆ. ನಮ್ ಕೈಲಿಲ್ಲ, ಮ್ಯಾಲಿನೋರ್ನ ಕೇಳು ಅಂತಾರೆ. ಎಲ್ಲಾರ್ಗಿಂತ ಮ್ಯಾಲಿರೋನು ಯಾರು, ಅದೊಂದ್ ಯೋಳ್ಬುಡಿ."

ಪರಿಣತನಾದ ನಾನು ಹೆಮ್ಮೆಯಿಂದ, "ಎಲ್ಲರಿಗಿಂತ ಮೇಲಿನ ಹುದ್ದೆಯೇ ಈಗ ಇಲ್ಲಮ್ಮ," ಎಂದೆ.

"ಅದೇ ಯಾರೋ ಸಲಾ ಕೊಡೋನು ಅಂದ್ರಲ್ಲ, ಅವ್ನು ರಜ ಕೊಡಾಕಿಲ್ವಾ?"

"ಅವರು ಸಲಹೆ ಮಾತ್ರ ಕೊಡುತ್ತಾರೆ."

"ಮತ್ತೆ ಕೊಡೋರ್ಯಾರು?"

"ಮಂಡಲಿಯವರು. ಅಂದರೆ ಎಲ್ಲರೂ ಸೇರಿ."

"ಯಾರೂ ಇಲ್ಲ ಅಂತ ಯೋಳಿ ಅತ್ಲಾಗೆ," ಎಂದು ಲಕ್ಕಮ್ಮ ಕೂತುಬಿಟ್ಟಳು. ಆ ತಾಯಿಯ ಮುಖ ನೋಡಲು ನನಗೆ ಆಗಲಿಲ್ಲ. ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಬಹುಶಃ ಕೊನೆಯ ಪುಟಗಳಲ್ಲಿ ಇತ್ತೇನೋ.

ಪಟೇಲ ತಮ್ಮಯ್ಯನಿಗೆ ರೇಗಿತು. "ಅಲ್ಲಾ ಸಾ, ನಮ್ಮೂರಲ್ಲಿ ಪಟೇಲ ಸತ್ರೆ, ಎಣ ಎತ್ತೋಕ್ ಮುಂಚೆ ಇನ್‌ಚಾರ್ಜ್ ಯಾರು ಅಂತ ಕೇಳ್ತಾರೆ. ಇಡೀ ಪರ್‌ಪಂಚ ಒಡ್ದಾಡ್ತಾ ಐತೆ, ಇವ್ರು ದಂಡಿನ ಪಟೇಲ್ಕೆನೇ ಖಾಲಿ ಮಡೀಕಂಡು ಕುಂತವ್ರಲ್ಲ. ಕಂದಾಯ ಎಂಗೆ ವಸೂಲಾಯ್ತದೆ?"

ಸಭೆಯೆಲ್ಲ ಅಧ್ಯಕ್ಷರ ಕಡೆ ನೋಡಿತು. ಗೌರೀಶಂಕರಯ್ಯನವರು ಕನ್ನಡಕ ಒರೆಸಿ ತೀರ್ಪು ಕೊಟ್ಟರು. ಒಂದು ಹುದ್ದೆ ರದ್ದಾಗಬೇಕಾದರೆ ಆ ಆಜ್ಞೆ ನಮ್ಮ ಗೆಜೆಟ್ಟಿನಲ್ಲಿ ಬರಬೇಕು. ಅವರ ಇಡೀ ಸರ್ವೀಸಿನಲ್ಲಿ ಅಂಥ ಆಜ್ಞೆ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಸದರಿ ಹುದ್ದೆ ಖಾಲಿ ಬಿದ್ದಿದೆಯೇ ಹೊರತು ರದ್ದಾಗಿಲ್ಲ. ಖಾಲಿ ಹುದ್ದೆಗೆ ಕಾಯಂ ಆಸಾಮಿ ಬರುವವರೆಗೆ ಹತ್ತಿರದವರೊಬ್ಬರು ಇನ್‌ಚಾರ್ಜ್ ಇರತಕ್ಕದ್ದು. ದೆಹಲಿಯಲ್ಲಿ ಒಬ್ಬ ಮಹಾದಂಡನಾಯಕರು ಇದ್ದಾರಲ್ಲ ಎಂದು ಅರಕಲಗೂಡಿನ ಸದಸ್ಯರು ಎದ್ದರು. ಅವರ ಸರಹದ್ದು ಇಂಡಿಯಾ, ಕೆಂಪಣ್ಣನಿರುವುದು ಈಜಿಪ್ಟು, ಕೂತುಕೊಳ್ಳಿ ಎಂದರು ಅಧ್ಯಕ್ಷರು.

ಹುದ್ದೆ ಖಾಲಿ ಇದೆಯೆಂದು ತಿಳಿದ ಕೂಡಲೇ ಉಮೇದುವಾರರು ಹುಟ್ಟಿಕೊಂಡರು. ಹಾಸನದವರೊಬ್ಬರ ಸೋದರಮಾವ ಜಮಾದಾರರಾಗಿದ್ದರು. ಹೊಳೆನರಸೀಪುರದವರೊಬ್ಬರಿಗೆ ಕುದುರೆ ಸವಾರಿ ಬರುತ್ತಿತ್ತು, ಕುದುರೆ ಇರಲಿಲ್ಲ. ತಮ್ಮಯ್ಯನ ಮನೆಯಲ್ಲಿ ತಲೆತಲಾಂತರದಿಂದ ಕೋವಿ ಇತ್ತು. ಒಬ್ಬರಿಗೆ ಕೊಟ್ಟರೆ ಉಳಿದವರು ಉಪಸಮಿತಿ ಬಿಡುವುದಾಗಿ ಹೇಳಿದರು. ಆಗ ಅಧ್ಯಕ್ಷರು ಇನ್ನೊಂದು ನಿಯಮ ಹೊರತೆಗೆದರು: ಇನ್‌ಚಾರ್ಜ್ ಆಗುವವನು ಯಾವ ವಿಧದಲ್ಲೂ ಆ ಹುದ್ದೆಗೆ ಯೋಗ್ಯನಾಗಿರಬಾರದು, ಯೋಗ್ಯನಾದರೆ ಮುಂದೆ ಕಾಯಂ ಮಾಡಿ ಎಂದು ಅರ್ಜಿ ಹಾಕುತ್ತಾನೆ. ಸದಸ್ಯರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನಮ್ಮ ಉಪಸಮಿತಿಯಲ್ಲಿ ಸರ್ವಾನುಮತವಾದದ್ದು ಅದೊಂದೇ ಸಲ.

ಪ್ರಕಟಣೆ ಹೀಗಿತ್ತು:

"ಬ್ರಿಟಿಷ್ ಸೈನ್ಯದ ಮಹಾದಂಡನಾಯಕರ ಹುದ್ದೆ ಖಾಲಿ ಬಿದ್ದು ಬಹುಕಾಲವಾಗಿ ಸಾರ್ವಜನಿಕರಿಗೆ ಅನಾನುಕೂಲವಾಗಿರುವುದರಿಂದ, ಪಾತ್ರೆ ವ್ಯಾಪಾರಿ ಮ|| ನಾಗಕುಮಾರಯ್ಯನವರು ತಮ್ಮ ಸ್ವಂತ ಕೆಲಸಗಳ ಜೊತೆಗೆ, ಹೆಚ್ಚಿನ ಸಂಬಳ ಸಾರಿಗೆ ಇಲ್ಲದೆ, ಮುಂದಿನ ಆಜ್ಞೆಯವರೆಗೆ ಸದರಿ ಹುದ್ದೆಯನ್ನು ನೋಡಿಕೊಳ್ಳತಕ್ಕದ್ದು. ಸೋಲು ಗೆಲುವುಗಳಿಗೆ ಉಪಸಮಿತಿ ಜವಾಬ್ದಾರಿಯಲ್ಲ."

ಮನೆಗೆ ಬಂದು ನನ್ನ ಹೆಂಡತಿ ರಾಜೀಮತಿಗೆ ಗಂಭೀರವಾಗಿ ವಿಷಯ ತಿಳಿಸಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಕೈ ಕೆಳಗೆ ಎಷ್ಟು ಜನ?"

"ಲಕ್ಷಾಂತರ."

"ಅದರಲ್ಲಿ ಒಬ್ಬನ್ನ ಕಳಿಸಿ, ಅಟ್ಟದ ಮೇಲಿನ ಹಂಡೆ ಇಳಿಸಿಕೊಡಲಿ. ನಿಮಗೆ ಹೇಳಿ ಹೇಳಿ ಸಾಕಾಯ್ತು."

ಅಧಿಕಾರ ವಹಿಸಿಕೊಂಡ ಮೇಲೆ ಸುಮ್ಮನಿರಲಾಗುತ್ತದೆಯೇ. ಹರಕು ಪುಸ್ತಕದ ಇಂಗ್ಲಿಷನ್ನೇ ಅಲ್ಲಿಲ್ಲಿ ತೆಗೆದುಕೊಂಡು ಆಜ್ಞೆ ಬರೆದೆ. ಹೊತ್ತು ಮುಳುಗಿದ ಮೇಲೆ ಯಾರೂ ಯುದ್ಧ ಮಾಡತಕ್ಕದ್ದಲ್ಲ. ಮರಳುಗಾಡಿನಲ್ಲಿರುವ ಪಡೆಗಳು ನೀರನ್ನು ಸೋಸಿಯೇ ಕುಡಿಯತಕ್ಕದ್ದು. ದುದ್ದದ ಲಾರಿ ಡ್ರೈವರ್ ಕೆಂಪಣ್ಣನನ್ನು ರಜದ ಮೇಲೆ ಕೂಡಲೇ ಕಳಿಸತಕ್ಕದ್ದು. ಉಪಸಮಿತಿಯ ಮೊಹರು ಹಾಕಿ ಈಜಿಪ್ಟಿಗೆ ಅಂಚೆಗೆ ಹಾಕಿದೆವು. ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಒಪ್ಪಿಗೆಯಾಗಿದೆಯೆಂದೂ, ಬಂದರೆ ಪರಿಶೀಲನೆಯಲ್ಲಿದೆಯೆಂದೂ ಅರ್ಥ ಎಂದು ಗೌರೀಶಂಕರಯ್ಯನವರು ಧೈರ್ಯ ಹೇಳಿದರು.

ಮರುವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಕೆಂಪಣ್ಣ ಬಂದ.

ಅವನ ಸರದಿ ಬಂದಿತ್ತು, ರಜ ಸಿಕ್ಕಿತ್ತು, ಅಷ್ಟೆ. ಅದು ನನಗೂ ಗೊತ್ತು. ಆದರೆ ಲಕ್ಕಮ್ಮ ಒಂದು ಹೊರೆ ಎಳನೀರು, ಒಂದು ಗಡಿಗೆ ಬೆಣ್ಣೆ ತಂದು ಅಂಗಡಿಯಲ್ಲಿ ಇಳಿಸಿ, ಬೀದಿಯ ಜನರ ಎದುರು ಕೈಮುಗಿದಾಗ, "ಇದೆಲ್ಲ ನನ್ನಿಂದ ಆದದ್ದಲ್ಲಮ್ಮ" ಎಂದೆ. ಎಷ್ಟು ವಿನಯ ನೋಡಿ ಎಂದರು ಜನ. ಹಾಗೆ ಅನ್ನಲೆಂದೇ ನಾನು ಹೇಳಿದ್ದು.

ರಜ ಮುಗಿಯುತ್ತ ಬಂದಾಗ ಅವಳು ಮತ್ತೆ ಬಂದಳು. ಈ ಸಲ ಬೆಣ್ಣೆ ಇರಲಿಲ್ಲ, ಕಣ್ಣಲ್ಲಿ ನೀರಿತ್ತು.

"ಕೊಟ್ಟೋರು ನೀವೇ. ಇನ್ನೊಂದೇ ಒಂದು ಬರ್ಕೊಟ್ಬುಡಿ ಸೋಮಿ. ಅವ್ನು ಇಲ್ಲೇ ಇರ್ಲಿ, ದಂಡಿಗೆ ಬ್ಯಾಡ ಅಂತ. ನನಗಿರೋನು ಅವ್ನೊಬ್ನೇ."

ಬರೆದುಕೊಟ್ಟರೆ ಅವಳು ಮಗನನ್ನು ಬಿಡುವುದಿಲ್ಲ. ಬಿಡದಿದ್ದರೆ ಅವನನ್ನು ಓಡಿಬಂದವನೆಂದು ಹಿಡಿದುಕೊಂಡು ಹೋಗುತ್ತಾರೆ. ಇಲ್ಲವೆಂದರೆ ನಾನು ಯಾರೂ ಅಲ್ಲವೆಂದು ಒಪ್ಪಿಕೊಂಡ ಹಾಗೆ. "ನಾಳೆ ಬಾಮ್ಮ" ಎಂದೆ. ಆ ಹುದ್ದೆಯಲ್ಲಿ ಇದ್ದವರೆಲ್ಲ ಅದನ್ನೇ ಹೇಳಿರಬೇಕು.

ಅವಳು ಹೋದ ಮೇಲೆ, ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಕೆಂಪಣ್ಣನೇ ಬಂದ. ಖಾಕಿ ಹಾಕಿಕೊಂಡ, ಬಿಸಿಲಿಗೆ ಕಂದಿದ ಹುಡುಗ.

"ನಿಮ್ ಆರ್ಡ್ರು ನಮ್ ಕ್ಯಾಂಪಿಗೆ ಬಂದಿತ್ತು ಸಾ. ಸಾಯೇಬ್ರು ಗ್ವಾಡೆಗೆ ಅಂಟ್ಸವ್ರೆ. ಹೊತ್ತು ಮುಳುಗಿದ್ ಮ್ಯಾಲೆ ಯುದ್ಧ ಮಾಡ್ಬಾರ್ದು ಅಂತ. ಎಲ್ಲಾ ಓದಿ ನಗ್ತಾರೆ."

ನಾನು ತಲೆ ತಗ್ಗಿಸಿದೆ.

"ಗಾಯ ಆಗಿ ಬಂದೋರು ಮಾತ್ರ ಓದಿ ನಗಾಕಿಲ್ಲ," ಎಂದ. ಆಮೇಲೆ, "ಈಗ ಇನ್ನೊಂದು ಆರ್ಡ್ರು ಬರೀರಿ ಸಾ," ಎಂದ.

"ನಿನ್ನನ್ನು ಇಲ್ಲೇ ಉಳಿಸಿಕೊಳ್ಳೋದು ನನ್ನ ಕೈಲಿಲ್ಲ ಕಣಪ್ಪ. ನಾನು ಪಾತ್ರೆ ಮಾರುವವನು."

"ಗೊತ್ತು ಸಾ. ಇರೋದಕ್ಕಲ್ಲ, ಓಗೋದಕ್ಕೆ. ನಾನು ಓಗ್ನಿಲ್ಲ ಅಂದ್ರೆ ಜೈಲಿಗಾಕ್ತಾರೆ. ಅವ್ವಂಗೆ ಅದು ಅರ್ತ ಆಗಾಕಿಲ್ಲ. ನನ್ ಬುಟ್ಟು ನೀನೇ ಓಯ್ತಿದ್ದೀಯ ಅಂತ ಮಾತು ಬುಟ್ಟು ಕುಂತವ್ಳೆ. ಅಂಗೇ ಓಗ್ಬುಟ್ರೆ, ನಾಳಿಕೆ ನಂಗೇನಾರ ಆದ್ರೆ, ಮಗ ಮಾತ್ ಕೇಳದೆ ಓದ ಅಂತ್ಲೇ ಇದ್ಬುಡ್ತಾಳೆ. ಓಗ್ಲೇಬೇಕು ಅಂತ ನೀವು ಬರ್ಕೊಡಿ. ಕ್ವಾಪ ನಿಮ್ ಮ್ಯಾಲೆ ಇರ್ಲಿ."

ನೀರಿನ ಹುಳ ಸತ್ತರೆ ಪಾಪವೆಂದು ಬಟ್ಟೆ ಕಟ್ಟುವ ಕೈಯಲ್ಲಿ ನಾನು ಆ ಹುಡುಗನನ್ನು ಯುದ್ಧಕ್ಕೆ ಕಳಿಸುವ ಆಜ್ಞೆ ಬರೆದೆ. ನನ್ನ ಆಜ್ಞೆಗಳಲ್ಲಿ ಜಾರಿಗೆ ಬಂದದ್ದು ಅದೊಂದೇ.

ಮಾರನೆಯ ದಿನ ದುದ್ದಕ್ಕೆ ಹೋಗಿ ಲಕ್ಕಮ್ಮನ ಮನೆಯ ಮುಂದೆ ನಿಂತು ಓದಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮಗನ ತಲೆ ಸವರಿ, "ನೀನೇನ್ ಮಾಡೀಯ ಮಗಾ, ಈ ಮುಂಡೇಮಗ ಬುಡ್ಬೇಕಲ್ಲ," ಎಂದು ಅವನ ಕೈಗೆ ಬುತ್ತಿಗಂಟು ಕೊಟ್ಟಳು. ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಬೈದದ್ದನ್ನು ಇಲ್ಲಿ ನಿವೇದಿಸಿಕೊಳ್ಳಲು ಸಾಧ್ಯವಿಲ್ಲ.

ನಾನು ರಾಜೀನಾಮೆ ಕೊಡಲು ಹೊರಟೆ. ರಾಜೀನಾಮೆಯನ್ನು ಮೇಲಧಿಕಾರಿಗೆ ಸಲ್ಲಿಸತಕ್ಕದ್ದು, ತಮಗೆ ಮೇಲಧಿಕಾರಿ ಇಲ್ಲ, ಆದ್ದರಿಂದ ತಾವೇ ಪರಿಶೀಲಿಸಿ ಹಿಂಬರಹ ಕೊಟ್ಟುಕೊಳ್ಳಿ ಎಂದರು ಗೌರೀಶಂಕರಯ್ಯನವರು. ಪರಿಶೀಲಿಸಿ, ಸದ್ಯದ ಪರಿಸ್ಥಿತಿಯಲ್ಲಿ ಬಿಡುಗಡೆ ಮಾಡಲಾಗುವುದಿಲ್ಲವೆಂದು ನನಗೆ ನಾನೇ ತಿಳಿಸಿದೆ.

ಯಾಕೆಂದರೆ ಅಷ್ಟರಲ್ಲಿ ಬೇರೆ ತಾಯಂದಿರೂ ಬರತೊಡಗಿದ್ದರು. ಹೊಳೆನರಸೀಪುರದ ಕಡೆಯಿಂದ ಮಾಯಮ್ಮ ಎಂಬವಳು ನಡೆದುಕೊಂಡೇ ಬಂದಳು. ಅವಳ ಮಗನ ಸುದ್ದಿ ಬರ್ಮಾದಿಂದ ನಿಂತುಹೋಗಿತ್ತು. ಎಲ್ಲರಿಗೂ ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು. ಹುದ್ದೆಯನ್ನು ತೆಗೆದು ಅದರ ಜಾಗದಲ್ಲಿ ಮಂಡಲಿಯನ್ನು ಕೂರಿಸಿದ ಲಂಡನ್ನಿನವರ ಬುದ್ಧಿವಂತಿಕೆ ನನಗೆ ಆಗ ಪೂರ್ತಿ ಅರ್ಥವಾಯಿತು. ಮಂಡಲಿಯ ಮನೆಬಾಗಿಲಿಗೆ ಹೋಗಿ ಶಾಪ ಹಾಕಲು ಬರುವುದಿಲ್ಲ. ಉಪಸಮಿತಿ ಸಭೆ ಸೇರಿ, ಮಹಾದಂಡನಾಯಕರನ್ನು ಬೈಯುವವರು ಸಂತೆಯ ದಿನ ಅಂಗಡಿಯ ಎಡಗಡೆ ಸಾಲಾಗಿ ನಿಲ್ಲತಕ್ಕದ್ದು, ಬಲಗಡೆ ಗಿರಾಕಿಗಳಿಗೆ ಬಿಡತಕ್ಕದ್ದು ಎಂದು ಗೊತ್ತುಮಾಡಿತು. ಯಾರೂ ಆಕ್ಷೇಪಿಸಲಿಲ್ಲ. ರಾಜೀಮತಿ ಸಾಲಿನಲ್ಲಿ ನಿಂತವರಿಗೆ ಮಜ್ಜಿಗೆ ಕೊಡುತ್ತಾಳೆ. ಆಗಾಗ ಅವಳೂ ಸಾಲಿನಲ್ಲಿ ನಿಲ್ಲುತ್ತಾಳೆ.

ಕಳೆದ ತಿಂಗಳು ನನಗೆ ಜ್ವರ ಬಂದು ಅಂಗಡಿ ಮುಚ್ಚಿತ್ತು. ಲಕ್ಕಮ್ಮ ಮನೆಗೇ ಬಂದಳು. ಕೆಂಪಣ್ಣನಿಂದ ಕಾಗದ ಬಂದು ಬಹಳ ದಿನವಾಗಿತ್ತು. ಮಂಚದ ಪಕ್ಕ ಕೂತು ಎಂದಿನಂತೆ ಮನಸಾರೆ ಬೈದಳು. ಎದ್ದು ಹೋಗುವಾಗ ಹಣೆ ಮುಟ್ಟಿ ನೋಡಿ ರಾಜೀಮತಿಗೆ ಹೇಳಿದಳು: "ಚೆಂದಾಗಿ ನೋಡ್ಕಳಿ ತಾಯಿ. ಅವ್ನು ಬರೋಗಂಟ ಇವ್ರು ಬದುಕಿರ್ಬೇಕು."

ಅಲ್ಲಿಯವರೆಗೆ ಹುದ್ದೆಯಲ್ಲಿ ಮುಂದುವರಿಯಲು ಒಪ್ಪಿದ್ದೇನೆ.