ಕಣದ ಮೇಲೆ ಗಿಟಾರು

ನಮ್ಮ ಸೋದರಮಾವನವರು ರಾಕ್ ಸಂಗೀತದ ಇತಿಹಾಸಕಾರರು! ನಗಬೇಡಿ. ಗಿಟಾರಿಗೂ ಪಿಟೀಲಿಗೂ ಇರುವ ವ್ಯತ್ಯಾಸ ಅವರಿಗೆ ತಿಳಿಯದು, ನಿಜ. ಆದರೆ ಇತಿಹಾಸ ಹೇಳುವವನಿಗೆ ವಿಷಯ ತಿಳಿದಿರಲೇಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಮರಳವಾಡಿಯ ಕಡೆ, ಮಾವನ ಹೊಲದಂಚಿಗೆ ದೊಡ್ಡದೊಂದು ಹಾಸುಬಂಡೆ. ಅದರ ಬೆನ್ನಿಗೆ ಗುಡ್ಡ. ತಲೆಮಾರುಗಳಿಂದ ಅದೇ ಅವರ ಕಣ. ರಾಗಿ ಒಕ್ಕಿದ್ದು, ತೂರಿದ್ದು, ರಾಶಿಗೆ ಪೂಜೆ ಮಾಡಿದ್ದು ಎಲ್ಲ ಅದರ ಮೇಲೆಯೇ. ಕೆಲವು ವರ್ಷಗಳ ಹಿಂದೆ ಗುಡ್ಡ ಹತ್ತಲು ಬಂದ ಉದ್ದಕೂದಲಿನ ಗುಂಪೊಂದು ಅಲ್ಲಿ ಕೂತು ಗಿಟಾರು ಮೀಟಿತು. ಗುಡ್ಡವೂ ಸುಮ್ಮನಿರದೆ ಮರಳಿ ಮೀಟಿತು. ಅಲ್ಲಿಗೆ ಕಣ ಕೆಟ್ಟಿತು; ಅಥವಾ ಉದ್ಧಾರವಾಯಿತು. ಈಗ ಪ್ರತಿ ವರ್ಷ ಸುಗ್ಗಿ ಮುಗಿದೊಡನೆ ಎಲ್ಲೆಲ್ಲಿಂದಲೋ ತಂಡಗಳು ಬಂದು ಅಲ್ಲಿ ಅರಚುತ್ತವೆ. ಕೇಳಲು ಬರುವವರ ಕಾರುಗಳು ಹುರುಳಿ ಹೊಲದವರೆಗೂ ನಿಲ್ಲುತ್ತವೆ.

ಮೊದಲನೆಯ ವರ್ಷ ಡ್ರಮ್ಮು ಬಾರಿಸುವವನು ಮೊಣಕಾಲುದ್ದದ ಬೂಟು ತೊಟ್ಟು ಬಂಡೆಯತ್ತ ಬಂದ. ಮಾವ ಅಡ್ಡ ನಿಂತರು.

"ಮೆಟ್ಟು ಬುಡಪ್ಪ. ಕಣ ಇದು."

"ತಾತಾ, ಶೋ ಶುರುವಾಗ್ಬೇಕು!"

"ಆಗ್ಲಿ, ಯಾರು ಬ್ಯಾಡ ಅಂದೋರು? ಉಣ್ಣೋ ಜಾಗ್ದಲ್ಲಿ ಮೆಟ್ಟು ಹಾಕ್ಕೊಂಡು ಕುಣೀತೀಯೇನ್ಲಾ?"

ದಾರಗಳನ್ನು ಬಿಚ್ಚಲು ಕಾಲು ಗಂಟೆ ಹಿಡಿಯಿತು. ಇಡೀ ಸಭೆ ಅವನ ಕಾಲನ್ನೇ ನೋಡುತ್ತ ಕೂತಿತ್ತು. ಮುಂದಿನ ವಾರ ಯಾವುದೋ ಪತ್ರಿಕೆ ಇದನ್ನು ಭೂತಾಯಿಯೊಡನೆ ಕಲಾವಿದನ ಮೌನ ಸಂವಾದ ಎಂದು ಬಣ್ಣಿಸಿತು. ಅಂದಿನಿಂದ ಬರಿಗಾಲಿನಲ್ಲಲ್ಲದೆ ಅಲ್ಲಿ ಯಾರೂ ಹಾಡಿಲ್ಲ!

ಮಾವನ ವಿಮರ್ಶೆಯೂ ಪ್ರಸಿದ್ಧ. ಕಾರ್ಯಕ್ರಮ ನಡೆದಷ್ಟು ಹೊತ್ತೂ ಅವರು ಮುಂದಿನ ಸಾಲಿನಲ್ಲಿ, ಹೆಗಲ ಟವೆಲಿನ ಅಂಚು ಅಲುಗಿತೇ ಎಂದು ನೋಡುತ್ತ ಕೂತಿರುತ್ತಾರೆ. ಹಾಡುಗಾರನೊಬ್ಬ ಬೆವರೊರೆಸಿಕೊಂಡು ಬಂದು ಹೇಗಿತ್ತೆಂದು ಕೇಳಿದ.

"ಕೂಗು ಚೆನ್ನಾಗೈತೆ ಕಣಪ್ಪ. ಗಾಳಿ ಮಾತ್ರ ಒಸೀನೂ ಬರ್ನಿಲ್ಲ."

ಆತ ಇದರ ಗೂಢಾರ್ಥವನ್ನು ಮೂರು ದಿನ ಚಿಂತಿಸಿದನಂತೆ.

ಈ ವರ್ಷ ಬಂಡೆಯ ಪಕ್ಕದಲ್ಲಿ ಇತಿಹಾಸದ ಫಲಕ ನಿಲ್ಲಿಸುವುದೆಂದು ತೀರ್ಮಾನವಾಯಿತು. ಕಾರ್ಯಕ್ರಮ ನಡೆಸುವವರ ಕಡೆಯ ಹುಡುಗಿಯೊಬ್ಬಳು ನೋಟ್‌ಬುಕ್ಕು ಹಿಡಿದು ಬಂದಳು. ಮಾವ ಬೆಳಗಿನಿಂದ ತಮ್ಮ ಮುತ್ತಾತ, ಅವರ ಎತ್ತು, ಎತ್ತಿನ ಕೊಂಬು ಎಲ್ಲವನ್ನೂ ಬರೆಸಿದರು. ಕೊನೆಗೆ ಅವಳು ಕೇಳಿದಳು:

"ತಾತಾ, ಇಲ್ಲಿ ಮೊದಲು ಹಾಡಿದ ತಂಡ ಯಾವುದು?"

"ತಂಡ ಎಲ್ಲಿ ಬಂತವ್ವ? ಒಬ್ಳೇಯ. ರಾಗಿ ತೂರೋವಾಗ ಗಾಳಿ ನಿಂತೋದ್ರೆ ಮೊರ ಎತ್ತಿಡ್ಕೊಂಡು ಹಾಡೋಳು. ಹಾಡು ಮುಗಿಯೋದ್ರೊಳ್ಗೆ ಗಾಳಿ ಬಂದ್ಬುಡೋದು."

"ಯಾರು?"

"ನಮ್ಮನೇವ್ಳು."

"ಹೆಸರು?"

ಬೆಳಗಿನಿಂದ ಹರಿಯುತ್ತಿದ್ದ ಇತಿಹಾಸ ಅಲ್ಲಿಗೆ ಗಕ್ಕನೆ ನಿಂತಿತು! ನಮ್ಮ ಕಡೆಯ ಹಳಬರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮತ್ತೆ ಸಂಸಾರವಿಡೀ "ಇವಳೇ", "ಕೇಳುಸ್ತಾ" ಆಗಿಯೇ ಬಾಳಿ, ಹಾಗೆಯೇ ತೀರಿಕೊಂಡವರು. ರೇಷನ್ ಕಾರ್ಡಿನವರು ಹೆಸರು ಕೇಳಿದಾಗಲೂ ಮಾವ ನನ್ನನ್ನೇ ಮುಂದಕ್ಕೆ ತಳ್ಳಿದ್ದರು.

"ಹೆಸರು ಬೇಡ ಅಂದ್ರೆ, ಒಬ್ಬ ರೈತ ಮಹಿಳೆ ಅಂತ ಕೆತ್ತಿಸ್ಲಾ ತಾತಾ?"

ಮಾವನ ಮುಖ ಸಣ್ಣದಾಯಿತು. ನಾನು ಹೇಳೋಣವೆಂದು ಬಾಯಿ ತೆರೆದೆ.

"ನೀ ಸುಮ್ಕಿರ್ಲಾ," ಎಂದರು.

ಮೆಟ್ಟು ಬಿಟ್ಟರು. ಅತ್ತೆ ಮೊರ ಹಿಡಿದು ನಿಲ್ಲುತ್ತಿದ್ದ ಬಂಡೆಯ ಮೂಡಣದ ಅಂಚಿಗೆ ನಿಧಾನವಾಗಿ ನಡೆದುಹೋದರು. ನಮಗೆ ಬೆನ್ನು ಹಾಕಿ ನಿಂತು, ಎರಡು ಸಲ ಕೆಮ್ಮಿ, ಗುಡ್ಡದ ಕಡೆ ಕೂಗಿದರು:

"ಚಿಕ್ಕತಾಯೀ!"

ಗುಡ್ಡ ಮರಳಿ ಕೂಗಿತು. ಹುಡುಗಿ ಬರೆದುಕೊಂಡಳು. ಮಾವ ಮಾತ್ರ ಅಲ್ಲೇ ನಿಂತಿದ್ದರು, ಹೆಗಲ ಟವೆಲಿನ ಅಂಚನ್ನೇ ನೋಡುತ್ತ.